ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೊರಡು

ಆ ಕಾಲಕ್ಕೆ ಆಫೀಸು ಅರ್ಧ ಮನೆಗೆ ಬಂದು, ಮನೆ ಅರ್ಧ ಆಫೀಸಿಗೆ ಹೋಗಿ, ಅಲ್ಲಿ ಶಿಸ್ತೂ ಇಲ್ಲ ಇಲ್ಲಿ ಸುಖವೂ ಇಲ್ಲ ಎಂಬಂತಾಗಿ ಬಹಳ ವರ್ಷಗಳಾಗಿದ್ದವು. ವಾರಕ್ಕೆ ಮೂರು ದಿನ ಬರುವವರಿದ್ದರು, ಎರಡು ದಿನ ಬರುವವರಿದ್ದರು, ದಸರೆಯಲ್ಲಿ ಬನ್ನಿ ಎಲೆ ಕೊಟ್ಟು 'ಬಂಗಾರದಂಗ ಇರೂಣು' ಎಂದು ಹೇಳಿಹೋಗಲು ಮಾತ್ರ ಬರುವವರೂ ಇದ್ದರು. ಕೆಲಸವೇನೋ ನಡೆಯುತ್ತಿತ್ತು. ಆದರೆ ಯಾರಿಗೂ ಯಾರ ಗುರುತೂ ಇರಲಿಲ್ಲ.

ಹುಬ್ಬಳ್ಳಿಯ 'ನೀರ್ದಾರಿ' ಕಂಪನಿಯಲ್ಲಿ ಇದು ನಗೆಪಾಟಲಾಗಿತ್ತು. ಸುತ್ತಲಿನ ಸಣ್ಣ ಊರುಗಳಿಗೆ ಯಾವ ಹೊತ್ತಿಗೆ ಎಷ್ಟು ನೀರು ಬಿಡಬೇಕು, ಯಾವ ಕೊಳವೆಯ ವಾಲ್ವ್ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ದೂರದಿಂದಲೇ ನಡೆಸುವ ಕಂಪನಿ ಅದು. ಅಲ್ಲಿ ಎರಡು ವರ್ಷ ದುಡಿದು ಬಿಟ್ಟು ಹೊರಟ ಒಬ್ಬ ಹುಡುಗಿ, ಕೊನೆಯ ದಿನ ಲಿಫ್ಟಿನಲ್ಲಿ ಸಿಕ್ಕ ತನ್ನದೇ ತಂಡದ ಮುಖ್ಯಸ್ಥನನ್ನು 'ನೀವು ಯಾವ ಕಂಪನಿಯವರ್ರಿ?' ಎಂದು ಕೇಳಿದ್ದಳು. ಅವನೂ ಅವಳ ಹೆಸರು ಕೇಳಿದ್ದನಂತೆ.

ಆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಕಂಪನಿಯ ಒಡತಿ ಅನಸೂಯಾ ಕೌಜಲಗಿ ಅವರು ಶೈಲಜಾ ಹೂಲಿಯನ್ನು ಕರೆಸಿದ್ದು. ಶೈಲಜಾ ಆಫೀಸುಗಳ ಒಳವಿನ್ಯಾಸ ಮಾಡುವವಳು, ಧಾರವಾಡದವಳು.

"ನನಗ ಗ್ವಾಡಿಗೆ ಬಣ್ಣ ಬ್ಯಾಡ, ಮೆತ್ತನ ಸೋಫಾನೂ ಬ್ಯಾಡ" ಎಂದಿದ್ದರು ಕೌಜಲಗಿ ಮೇಡಂ. "ಮನ್ಯಾಗ ಕೂತವರಿಗೂ ಇಲ್ಲಿ ಕೂತವರಿಗೂ ನಾವು ಒಂದ ಕಡೆ ಅದೀವಿ ಅಂತ ಅನಸಬೇಕು. ಅಂಥಾದೊಂದು ಜಾಗ ಮಾಡಿ ಕೊಡ್ರಿ. ಆಗಲಿಲ್ಲಂದ್ರ ಈ ಕಟ್ಟಡ ಬಿಟ್ಟ ಬಿಡ್ತೀನಿ. ಎಲ್ಲಾರೂ ಅವರವರ ಮನ್ಯಾಗ ಕುಂತು ದುಡೀಲಿ, ತಣ್ಣಗ."

ಶೈಲಜಾ ಬಹಳ ಯೋಚಿಸಿದಳು. ಪರದೆಯ ಮೇಲೆ ಮುಖಗಳನ್ನು ನೋಡಿ ನೋಡಿ ಜನಕ್ಕೆ ಸಾಕಾಗಿ ಹೋಗಿತ್ತು. ಕ್ಯಾಮೆರಾ ಎಂದರೆ ಕೈಮುಗಿಯುತ್ತಿದ್ದರು. ಒಂದೇ ಕೋಣೆಯಲ್ಲಿ ಕೂತವರಿಗೆ ಜೊತೆಯಲ್ಲಿದ್ದೇವೆ ಅನ್ನಿಸುವುದು ಯಾತರಿಂದ? ಮುಖ ನೋಡುವುದರಿಂದಲ್ಲ, ಕೆಲಸ ಮಾಡುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಪಕ್ಕದವನು ಚಹಾದ ಕಪ್ಪು ಇಟ್ಟದ್ದು ನಮ್ಮ ಮೊಣಕೈಗೆ ತಿಳಿಯುತ್ತದೆ, ಎದುರಿನವಳು ಸಿಟ್ಟಿನಿಂದ ಫೈಲು ಕುಕ್ಕಿದರೆ ನಮ್ಮ ಪೆನ್ನು ಉರುಳುತ್ತದೆ. ಜೊತೆ ಎನ್ನುವುದನ್ನು ಹೊತ್ತು ತರುವುದು ಗೋಡೆಯಲ್ಲ, ಮೇಜು ಎಂದು ಅವಳಿಗೆ ಹೊಳೆಯಿತು.

ಹಾಗೆ ಹುಟ್ಟಿದ್ದು ಜೋಡುಮೇಜು. ಆಫೀಸಿನ ನಡುವೆ ಎಲ್ಲರೂ ಸುತ್ತ ಕೂರುವಂಥ ಒಂದು ದೊಡ್ಡ ಸಾಗುವಾನಿ ಮೇಜು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ, ಆ ಜಾಗದಷ್ಟೇ ಅಳತೆಯ ಒಂದು ಹಲಗೆ ಅವರವರ ಮನೆಗೆ. ಪರೀಕ್ಷೆಗೆಂದು ಶೈಲಜಾ ತನಗೂ ಒಂದು ಜಾಗ, ಧಾರವಾಡದ ತನ್ನ ಮನೆಗೂ ಒಂದು ಹಲಗೆ ಮಾಡಿಸಿಕೊಂಡಳು. ಎರಡರ ಮರದ ಕೆಳಗೂ ಒಂದು ತೆಳ್ಳನೆಯ ಪೊರೆ. ಒತ್ತಿದರೆ ಆ ಪೊರೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ತು ಕೊಟ್ಟರೆ ಅದೇ ಪೊರೆ ತಾನೇ ಒತ್ತುತ್ತದೆ. ಮನೆಯ ಹಲಗೆಯ ಮೇಲೆ ಬೆರಳು ಕುಟ್ಟಿದರೆ ಆ ಕುಟ್ಟು ಆಫೀಸಿನ ಮೇಜಿನಲ್ಲಿ ಅವರ ಜಾಗದಲ್ಲಿ ಏಳುತ್ತಿತ್ತು, ನಿಜವಾದ ಮೇಜಿನಲ್ಲಿ ಹರಡುವಂತೆ ಉಳಿದವರ ಕೈಗೂ ಅಷ್ಟಿಷ್ಟು ಮುಟ್ಟುತ್ತಿತ್ತು. ಅಲ್ಲಿಂದ ಇಲ್ಲಿಗೂ ಹಾಗೆಯೇ. ಚಿತ್ರವಿಲ್ಲ, ಧ್ವನಿಯಿಲ್ಲ. ಮರ ಮರಕ್ಕೆ ಹೇಳಿದ್ದಷ್ಟೇ.

ಮೊದಲ ವಾರಗಳು ಪಜೀತಿಯಲ್ಲೇ ಕಳೆದವು. ಲೆಕ್ಕಪತ್ರ ನೋಡುವ ಹಿರಿಯರಾದ ಪ್ಯಾಟಿಮಠ ಅವರ ಹೆಂಡತಿಗೆ ಆ ಸಾಗುವಾನಿ ಹಲಗೆ ಕಂಡದ್ದೇ ತಡ, ಇದಕ್ಕಿಂತ ನುಣುಪಾದದ್ದು ಮನೆಯಲ್ಲಿ ಇನ್ನೊಂದಿಲ್ಲ ಎಂದು ಅದರ ಮೇಲೆ ಜೋಳದ ರೊಟ್ಟಿ ಬಡಿಯತೊಡಗಿದರು. ಹೊತ್ತೇರುತ್ತಿದ್ದಂತೆ ಹುಬ್ಬಳ್ಳಿಯ ಮೇಜಿನಲ್ಲಿ ತಪತಪ ತಪತಪ ಎಂದು ತಾಳ ಏಳುತ್ತಿತ್ತು; ಊಟದ ಹೊತ್ತಿಗೆ ಮುಂಚೆಯೇ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿತ್ತು. "ಇವತ್ತು ಪ್ಯಾಟಿಮಠರ ಮನ್ಯಾಗ ಮಂದಿ ಬಂದಾರ, ರೊಟ್ಟಿ ಇನ್ನೂ ಮುಗಿವಲ್ಲವು" ಎಂದು ನಿಯಂತ್ರಣ ಕೊಠಡಿಯ ಇರ್ಫಾನ್ ನದಾಫ್ ವರದಿ ಒಪ್ಪಿಸುತ್ತಿದ್ದ. ಹಿಂದೆ ಪ್ಯಾಟಿಮಠರು ಎಂದರೆ ಒಂದು ಇಮೇಲ್ ವಿಳಾಸವಾಗಿತ್ತು. ಈಗ ಅವರ ಮನೆಗೆ ನೆಂಟರು ಬಂದರೆ ಆಫೀಸಿಗೇ ಗೊತ್ತಾಗುತ್ತಿತ್ತು.

ಶೈಲಜಾಳಿಗೆ ಈ ಸಂಭ್ರಮವನ್ನು ಪೂರ್ತಿ ಅನುಭವಿಸುವ ಸ್ಥಿತಿ ಇರಲಿಲ್ಲ. ಅವಳ ಗಂಡ ಫಕೀರೇಶ ಸಾರಿಗೆ ಬಸ್ಸಿನ ಕಂಡಕ್ಟರ್ ಆಗಿದ್ದವನು. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ನಕ್ಷೆ ಬಿಡಿಸುವ ದೊಡ್ಡ ಹಲಗೆಯೊಂದನ್ನು ಹೊತ್ತು ಧಾರವಾಡದಿಂದ ಹುಬ್ಬಳ್ಳಿಗೆ ನಿತ್ಯ ಓಡಾಡುತ್ತಿದ್ದದ್ದು ಅವನ ಬಸ್ಸಿನಲ್ಲೇ. ಆ ಹಲಗೆಗೂ ಅವಳಿಗೂ ಜಾಗ ಹಿಡಿದಿಟ್ಟು ಹಿಡಿದಿಟ್ಟು ಕೊನೆಗೆ ಅವಳನ್ನೇ ಮದುವೆಯಾದ. ಮದುವೆಯಾದ ಮೇಲೂ ಅವಳನ್ನು ಓದಿಸಿದ. ಊರೆಲ್ಲ ಮಾತಾಡಿಸುವ ಬಾಯಿ ಅವನದು. ಅಂಥವನಿಗೆ ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ ಬಲಗಾಲು ಸೋತವು, ಅದರೊಂದಿಗೆ ಮಾತೂ ಹೋಯಿತು. ಹೇಳಿದ್ದು ತಿಳಿಯುತ್ತದೆ, ಹೇಳಬೇಕಾದದ್ದು ತಲೆಯಲ್ಲಿದೆ, ಆದರೆ ಶಬ್ದ ಬಾಯಿಗೆ ಬರುವುದಿಲ್ಲ. ಮಾತು ಕಲಿಸುವ ವೈದ್ಯರು ಅಭ್ಯಾಸಗಳನ್ನು ಹೇಳಿಕೊಟ್ಟಿದ್ದರು. ಅವನು ಕೆಲವು ದಿನ ಮಾಡಿ, ಒಂದು ದಿನ ಗೋಡೆಯ ಕಡೆ ತಿರುಗಿ ಮಲಗಿದವನು ಮತ್ತೆ ಮಾಡಲಿಲ್ಲ. ಶೈಲಜಾ ಹುಬ್ಬಳ್ಳಿಗೆ ಹೋದ ದಿನ ಅವನ ಅಕ್ಕ ನೀಲವ್ವ ನೋಡಿಕೊಳ್ಳುತ್ತಿದ್ದಳು.

ಇತ್ತ ಜೋಡುಮೇಜಿನಲ್ಲಿ ಒಂದು ವಿಚಿತ್ರ ನಡೆಯಿತು. ವಾಲ್ವ್ ತೆರೆಯುವ ಕೆಲಸದಲ್ಲಿ ಒಬ್ಬರು ಆಫೀಸಿನಲ್ಲಿ, ಇನ್ನೊಬ್ಬರು ಮನೆಯಲ್ಲಿ ಇದ್ದು ಒಟ್ಟಿಗೇ ಒಪ್ಪಿಗೆ ಕೊಡಬೇಕು. ಮೊದಲು ಅದಕ್ಕೆ ಫೋನಿನಲ್ಲಿ 'ಹಲೋ, ಕೇಳಸ್ತೈತೇನ್ರಿ' ಎಂದು ಹತ್ತು ಸಲ ಕೂಗಬೇಕಿತ್ತು. ಈಗ ಯಾರೂ ಹೇಳಿಕೊಡದೆ ಒಂದು ರೂಢಿ ಬೆಳೆದಿತ್ತು: ಮೇಜಿನ ಮೇಲೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಒಮ್ಮೆ ಇರ್ಫಾನ್ ಇನ್ನೇನು ತಪ್ಪು ವಾಲ್ವ್ ತೆರೆಯಲಿದ್ದಾಗ ಮನೆಯಿಂದ ಒಬ್ಬಳು ಟಪ್ ಎಂದು ಒಂದೇ ಬಡಿತ ಕೊಟ್ಟು ತಡೆದಿದ್ದಳು. ಇಲ್ಲದಿದ್ದರೆ ಒಂದು ಓಣಿಯ ತುಂಬ ನೀರು ನಿಲ್ಲುತ್ತಿತ್ತು. ಶೈಲಜಾ ಹಿರಿಹಿರಿ ಹಿಗ್ಗಿದಳು. ಸಭೆಯಲ್ಲಿ ಎದ್ದುನಿಂತು, "ಸಂಸ್ಕೃತಿ ಅಂದ್ರ ಇದ ನೋಡ್ರಿ, ಯಾರೂ ಆರ್ಡರ್ ಮಾಡದ ತಾನ ಹುಟ್ಟೇತಿ" ಎಂದು ಭಾಷಣವನ್ನೂ ಮಾಡಿದಳು.

ಆ ಸಂತೋಷಕ್ಕೆ ಕಲ್ಲು ಬಿದ್ದದ್ದು ಪುಣೆಯಿಂದ ಅತಿಥಿಗಳು ಬಂದ ದಿನ. ದೊಡ್ಡ ಒಪ್ಪಂದದ ಮಾತು ನಡೆದಿರುವಾಗ ಅವರ ಮುಂದಿನ ನೀರಿನ ಲೋಟ ರೊಟ್ಟಿಯ ತಾಳಕ್ಕೆ ಕುಣಿಯತೊಡಗಿತು. ಅದು ಸಾಲದು ಎಂಬಂತೆ ಯಾರದೋ ಮಗು ತನ್ನ ಮನೆಯ ಹಲಗೆಯ ಮೇಲೆ ಹತ್ತಿ ಜಿಗಿಯಿತು. ಅತಿಥಿಗಳು ಭೂಕಂಪವೆಂದು ಎದ್ದುನಿಂತರು.

ಕೌಜಲಗಿ ಮೇಡಂ ಮರುದಿನ ಶೈಲಜಾಳನ್ನು ಕರೆದರು. ಅವರು ಸಿಡುಕಿನವರಲ್ಲ, ಆದರೆ ಹೇಳಿದ್ದು ಹೇಳಿದ್ದೇ.

"ಆಫೀಸಿನ ಮಂದಿಯ ಕೈ ಅಷ್ಟ ಬರಲಿ. ಹೆಂಡ್ತಿ, ಮಕ್ಕಳು, ರೊಟ್ಟಿ, ಇವೆಲ್ಲಾ ಸೋಸಿ ತಗೀರಿ. ಆಗತೈತೋ ಇಲ್ಲೋ?"

"ಆಗತೈತ್ರಿ ಮೇಡಂ" ಎಂದಳು ಶೈಲಜಾ. ಪ್ರತಿಯೊಬ್ಬರ ಕೈಗೂ ತನ್ನದೇ ಭಾರ, ತನ್ನದೇ ಚಾಳಿ ಇರುತ್ತದೆ. ಯಂತ್ರಕ್ಕೆ ಆ ಕೈಗಳ ಪರಿಚಯ ಮಾಡಿಸಿದರೆ ಬೇರೆಯವನ್ನು ಅದು ತಾನೇ ತಡೆದೀತು. ಅದಕ್ಕೆ ಅವಳು ಸೋಸಣಿಗೆ ಎಂದು ಹೆಸರಿಟ್ಟಳು.

"ಸೋಮವಾರ ಅದನ್ನ ಹಚ್ಚರಿ. ಇಲ್ಲಾಂದ್ರ ಮೇಜೂ ಬ್ಯಾಡ, ಕಟ್ಟಡಾನೂ ಬ್ಯಾಡ."

ಸೋಸಣಿಗೆಗೆ ಕೈಗಳ ಪಾಠ ಹೇಳಿಕೊಡಲು ಶೈಲಜಾ ಮೇಲಿನ ಮಹಡಿಯ ಪ್ರಯೋಗ ಕೋಣೆಯಲ್ಲಿ ಕೂತಳು. ಹುಬ್ಬಳ್ಳಿಗೆ ಬಂದ ದಿನಗಳಲ್ಲಿ ಅವಳ ಬಿಡಾರ ಅಲ್ಲಿಯೇ. ಕೆಳಗೆ ದೊಡ್ಡ ಮೇಜಿನ ಬಳಿ ಅವಳ ಕುರ್ಚಿ ಖಾಲಿ ಇರುತ್ತಿತ್ತು. ಯಂತ್ರ ಹಿಂದಿನ ಬಡಿತಗಳನ್ನೆಲ್ಲ ಕೈಯ ಪ್ರಕಾರ ವಿಂಗಡಿಸಿ ಪರದೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆಯಿತು. ಪ್ಯಾಟಿಮಠರ ಜಾಗದಲ್ಲಿ ಎರಡು ಬಣ್ಣ, ಅವರು ಮತ್ತು ರೊಟ್ಟಿ. ಮಕ್ಕಳಿರುವ ಮನೆಗಳಲ್ಲಿ ಮೂರು, ನಾಲ್ಕು.

ಶೈಲಜಾ ಹೂಲಿಯ ಜಾಗದಲ್ಲೂ ಎರಡು ಬಣ್ಣ ಇದ್ದವು.

ಯಂತ್ರ ತಪ್ಪಿರಬೇಕೆಂದು ಅವಳು ಮತ್ತೆ ಓಡಿಸಿದಳು. ಮತ್ತೆ ಎರಡೇ. ಒಂದು ಅವಳ ಕೈ. ಇನ್ನೊಂದು ಭಾರದ ಕೈ, ಎಡಗೈ, ಏಳುವುದು ನಿಧಾನ. ಅವಳು ಹುಬ್ಬಳ್ಳಿಯಲ್ಲಿದ್ದ ದಿನಗಳಲ್ಲಿ ಮಾತ್ರ ಅದು ಬಡಿದಿತ್ತು. ಬಡಿದದ್ದೂ ಎರಡೇ ಬಗೆ, ಒಂದು ಇಲ್ಲವೇ ಎರಡು. ಇಡೀ ಆಫೀಸಿನಲ್ಲಿ ಆ ರೂಢಿ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಆ ಎಡಗೈ ಹಾಗೆ ಬಡಿಯುತ್ತಿತ್ತು. ಮೊದಮೊದಲು ಅದಕ್ಕೆ ಯಾರೂ ಮಾರುತ್ತರ ಕೊಟ್ಟಿರಲಿಲ್ಲ. ಆಮೇಲೆ ಒಬ್ಬರು, ಆಮೇಲೆ ಇಬ್ಬರು, ಈಚೆಗೆ ಮೇಜಿನ ಸುತ್ತಲಿನ ಅಷ್ಟೂ ಜನ.

ಅವಳಿಗೆ ಹಳೆಯ ಬಸ್ಸು ನೆನಪಾಯಿತು. ಬಸ್ಸಿನ ಗಂಟೆ ಸದಾ ಕೆಟ್ಟಿರುತ್ತಿತ್ತು. ಫಕೀರೇಶ ಬಾಗಿಲ ಬಳಿ ನಿಂತು ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದ. ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು. ಕಂಪನಿಯ ಸಂಸ್ಕೃತಿ ತಾನೇ ಹುಟ್ಟಿತೆಂದು ಭಾಷಣ ಮಾಡಿದ್ದಳಲ್ಲ ಅವಳು!

ಕೆಳಗೆ ಹೋಗಿ ಇರ್ಫಾನನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ.

"ಅದು ನೀವಲ್ಲೇನ್ರಿ ಮೇಡಂ? ನೀವ ಮ್ಯಾಲಿಂದ ಟೆಸ್ಟ್ ಮಾಡಾಕತ್ತೀರಿ ಅಂತ ತಿಳಕೊಂಡಿದ್ವಿ. ನಾವೂ ತಿರಗಿ ಬಡೀತಿದ್ವಿ, ಟೆಸ್ಟ್ ಪಾಸಾಗ್ಲಿ ಅಂತ. ಬರಬರತಾ ಚಟಾ ಆತ್ರಿ. ಮುಂಜಾನೆ ಬಂದ ಕೂಡ್ಲೆ ಎರಡ ಬಡದು, ಆ ಕಡಿಂದ ಎರಡ ಬಂದ್ರನ ಕೆಲಸಾ ಚಾಲೂ. ಒಂದಿನಾ ಬರಲಿಲ್ಲಂದ್ರ ಬ್ಯಾಸರ ಆಗತೈತಿ." ಆಮೇಲೆ ಅವಳ ಮುಖ ನೋಡಿ ಗಾಬರಿಯಾದ. "ಯಾಕ್ರಿ, ಏನಾರ ತಪ್ಪ ಮಾಡಿದ್ವೇನು?"

"ಇಲ್ಲಪಾ" ಎಂದಳು.

ಆ ಮಧ್ಯಾಹ್ನವೇ ಬಸ್ಸು ಹಿಡಿದು ಧಾರವಾಡಕ್ಕೆ ಹೋದಳು. ಬಾಗಿಲು ತಟ್ಟದೆ ಕಿಟಕಿಯಿಂದ ನೋಡಿದಳು. ಫಕೀರೇಶ ಹಲಗೆಯ ಮುಂದೆ ಕೂತಿದ್ದ. ನೀಲವ್ವ ಅವನಿಗೆ ಎಣ್ಣೆ ಹಚ್ಚಿ ಕ್ರಾಪು ಬಾಚಿದ್ದಳು, ಡ್ಯೂಟಿಗೆ ಹೊರಟವನ ಹಾಗೆ. ಎಡಗೈ ಎತ್ತಿ ಎರಡು ಬಡಿದ. ತುಸು ತಡೆದು ಹಲಗೆಯೇ ಎರಡು ಬಡಿಯಿತು. ಇನ್ನೊಂದು ಕಡೆಯಿಂದ ಮತ್ತೆರಡು. ಅವನು ತಲೆ ಓರೆ ಮಾಡಿ, ಯಾರದೆಂದು ಗುರುತು ಹಿಡಿಯುವವನಂತೆ ಒಂದೊಂದನ್ನೂ ಕೇಳಿಸಿಕೊಂಡು, ನಕ್ಕ. ಸೊಟ್ಟಗಾದ ಬಾಯಿಯಲ್ಲಿ ಪೂರ್ತಿ ನಗು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅದನ್ನು ನೋಡಿರಲಿಲ್ಲ. ಅವಳು ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತು ಅತ್ತಳು, ಮುಖ ಗೊತ್ತಿಲ್ಲದ ತನ್ನ ಗಂಡನಿಗೆ ದಿನಾ ಉತ್ತರ ಕೊಟ್ಟ ಆ ಕೈಗಳಿಗೆಲ್ಲ ಮನಸ್ಸಿನಲ್ಲೇ ನಮಸ್ಕಾರ ಮಾಡಿದಳು.

ಒಳಗೆ ಬಂದಾಗ ನೀಲವ್ವ ತಪ್ಪಿತಸ್ಥಳ ಹಾಗೆ ನಿಂತಳು.

"ಬೈಬ್ಯಾಡ ಶೈಲಾ. ಆಫೀಸಿನ ಸಾಮಾನು ಮುಟ್ಟಬಾರದು ಅಂತ ನನಗೂ ಗೊತ್ತೈತಿ. ಒಂದಿನಾ ಸುಮ್ಮನ ಒರಗಿಸಿ ಕುಂದರಿಸಿದ್ನೆ. ತಾನ ಬಡದಾ. ಆ ಕಡಿಂದ ಯಾರೋ ಬಡದ್ರು. ಆವತ್ತ ಸಂಜೀಕೆ ತಾನ ಊಟಾ ಕೇಳಿದ ನೋಡವಾ, ಕೈ ಮಾಡಿ. ನಿನಗ ಹೇಳಿದ್ರ ನೀ ಎಲ್ಲಿ ಬಂದ್ ಮಾಡ್ತೀಯೋ ಅಂತ ಬಾಯಿ ಮುಚಗೊಂಡಿದ್ದೆ."

ಬಂದ್ ಮಾಡುವ ಯಂತ್ರವನ್ನೇ ಅವಳು ಕಟ್ಟುತ್ತಿದ್ದಳು. ಸೋಮವಾರ ಸೋಸಣಿಗೆ ಹಚ್ಚಿದರೆ ಅದು ಮೊದಲು ಆಚೆಗಿಡುವುದೇ ಈ ಎಡಗೈಯನ್ನು. ಅವನು ಎರಡು ಬಡಿಯುತ್ತಾನೆ, ಹಲಗೆ ಸುಮ್ಮನಿರುತ್ತದೆ. ಮತ್ತೆ ಬಡಿಯುತ್ತಾನೆ. ಆಮೇಲೆ ಗೋಡೆಯ ಕಡೆ ತಿರುಗುತ್ತಾನೆ. ಈ ಸಲ ತಿರುಗಿದರೆ ಮತ್ತೆ ಈಚೆಗೆ ತಿರುಗುವುದು ಅವಳಿಗೆ ಕಾಣಲಿಲ್ಲ. ಹಚ್ಚದಿದ್ದರೆ ಮೇಜೇ ಹೋಗುತ್ತದೆ, ಆಗಲೂ ಅದೇ ಗತಿ.

ಒಂದು ಉಪಾಯವಿತ್ತು. ಆ ಎಡಗೈಯನ್ನೂ ತನ್ನದೇ ಕೈ ಎಂದು ಯಂತ್ರಕ್ಕೆ ಕಲಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗುಂಡಿ ಒತ್ತುವ ಕೆಲಸ. ಆದರೆ ಆಗ ಪ್ಯಾಟಿಮಠರ ಮನೆಯ ರೊಟ್ಟಿಯನ್ನು ತಡೆಯುವವಳೂ ಅವಳೇ ಆಗಬೇಕಿತ್ತು. ತನ್ನ ಗಂಡನ ಕೈ ಒಳಗೆ, ಊರವರ ಹೆಂಡತಿ ಮಕ್ಕಳ ಕೈ ಹೊರಗೆ. ಅವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ನೇರ ಮೇಡಂ ಅವರ ಗಾಜಿನ ಕೋಣೆಗೆ ಹೋದಳು.

"ಸೋಸಣಿಗೆ ತಯಾರೈತ್ರಿ. ಹಚ್ಚೂಕಿಂತ ಮೊದಲ ನೀವು ಒಂದ ತಾಸು ಮೇಜಿನ ಮ್ಯಾಲ ಕೈ ಇಟ್ಟು ಕುಂದರಬೇಕ್ರಿ. ನನ್ನ ಜಾಗದಾಗ. ಆಮ್ಯಾಲ ನೀವು ಹೆಂಗ ಅಂತೀರಿ ಹಂಗ."

ಕೌಜಲಗಿ ಮೇಡಂ ಆ ಮೇಜನ್ನು ತರಿಸಿದ್ದರೇ ಹೊರತು ಅದರ ಮುಂದೆ ಒಂದು ದಿನವೂ ಕೂತಿರಲಿಲ್ಲ. ಹುಬ್ಬು ಏರಿಸಿದರು, ಆದರೆ ಬಂದು ಕೂತರು. ಸ್ವಲ್ಪ ಹೊತ್ತಿಗೆ ಅವರ ಅಂಗೈ ಕೆಳಗೆ ಎರಡು ಬಡಿತ ಎದ್ದವು. ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಮೇಜಿನ ಸುತ್ತಲಿನವರೆಲ್ಲ ಎರಡೆರಡು ಬಡಿದು ಉತ್ತರ ಕೊಟ್ಟರು. ಇರ್ಫಾನ್ ಎದುರಿನ ಪರದೆ ನೋಡುತ್ತ ವಾಲ್ವ್ ತೆರೆಯಲು ಸಿದ್ಧನಾದ. ಯಾರ ಮನೆಯಿಂದಲೋ ಒಂದು ಬಡಿತ ಬಂತು, ನಿಂತ. ಎರಡು ಬಂದವು, ತೆರೆದ. ಯಾರೂ ಒಂದು ಮಾತಾಡಲಿಲ್ಲ, ಒಬ್ಬರೂ ಫೋನ್ ಎತ್ತಲಿಲ್ಲ. ಹೀಗೆಯೇ ಊರಾದ ಮೇಲೆ ಊರಿಗೆ ನೀರು ಹೋಯಿತು. ನಡುವೆ ಪ್ಯಾಟಿಮಠರ ಮನೆಯ ರೊಟ್ಟಿಯೂ ಶುರುವಾಯಿತು.

"ಇದನ್ನ ಯಾರು ಕಲಿಸಿದ್ರು ಇವರಿಗೆ?" ಎಂದರು ಮೇಡಂ ಮೆಲ್ಲಗೆ.

ಶೈಲಜಾ ಎಲ್ಲರ ಮುಂದೆಯೇ ಹೇಳಿದಳು. ಭಾಷಣದ ಧಾಟಿಯಲ್ಲಿ ಅಲ್ಲ. "ನನ್ನ ಯಜಮಾನರ್ರಿ. ಕಂಡಕ್ಟರ್ ಇದ್ರು. ಲಕ್ವಾ ಹೊಡದು ಮಾತು ಹೋಗೇತಿ. ನಾ ಇಲ್ಲಿ ಬಂದಾಗ ಅಲ್ಲಿ ಹಲಗಿ ಮ್ಯಾಲ ಬಡೀತಿದ್ರು. ನನಗೂ ಗೊತ್ತಿದ್ದಿಲ್ಲ. ಮೊದಲನೆ ವಾರದಾಗ ಈ ಸೋಸಣಿಗಿ ಹಚ್ಚಿದ್ರ ಅವರ ಕೈ ಇಲ್ಲೀತನಕಾ ಬರತನ ಇರಲಿಲ್ರಿ, ನೀವು ಈಗ ನೋಡಿದ ಕೆಲಸಾನೂ ಹುಟ್ಟತಿರಲಿಲ್ಲ. ಯಾವ ಕೈ ಕೆಲಸದ್ದು, ಯಾವ ಕೈ ಅಲ್ಲ ಅಂತ ಆರಸೂದು ನನಗ ತಿಳೀವಲ್ದು. ನಿಮಗ ತಿಳದ್ರ ಹೇಳ್ರಿ, ಈಗಿಂದೀಗ ಹಚ್ಚತೀನಿ."

ಯಾರೋ ಕಣ್ಣೊರೆಸಿಕೊಂಡರು. ಕೌಜಲಗಿ ಮೇಡಂ ಸ್ವಲ್ಪ ಹೊತ್ತು ಮರದ ಮೇಲೆ ಬೆರಳಾಡಿಸಿದರು. ಆಮೇಲೆ ತಾವೂ ಎರಡು ಬಡಿದರು, ರೂಢಿಯಿಲ್ಲದ ಕೈ, ಒಂದು ಜೋರಾಗಿ, ಒಂದು ಮೆತ್ತಗೆ.

ಆ ಕಡೆ ತುಸು ಹೊತ್ತು ಏನೂ ಇಲ್ಲ. ನಂತರ ಟಪ್ ಎಂದು ಒಂದೇ ಒಂದು ಬಂತು.

"ಹೊಸಾ ಕೈ ಅಲ್ಲೇನ್ರಿ ಮೇಡಂ" ಎಂದ ಇರ್ಫಾನ್, ಸಮಾಧಾನ ಹೇಳುವವನಂತೆ. "ಗುರ್ತ ಹತ್ತೂತನಕಾ ಬಸ್ ಹತ್ತಗೊಡಂಗಿಲ್ಲ ಅವರು. ನನಗೂ ಹಿಂಗ ಮಾಡಿದ್ರು. ಮತ್ತೊಮ್ಮೆ ಬಡೀರಿ, ಸಾವಕಾಶ."

ಅವರು ಮತ್ತೊಮ್ಮೆ ಬಡಿದರು. ಎರಡು ತಿರುಗಿ ಬಂದವು. ಕೌಜಲಗಿ ಮೇಡಂ ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟರು.

"ಪುಣೆಯವರನ್ನ ಬ್ಯಾರೆ ಖೋಲ್ಯಾಗ ಕುಂದರಸೂಣು" ಎಂದರು ಏಳುತ್ತ. "ಆ ಸೋಸಣಿಗಿ ಚಹಾಕ್ಕರ ಬರತೈತೇನು ನೋಡ್ರಿ. ಮೇಜು ಇರಲಿ, ಕಟ್ಟಡಾನೂ ಇರಲಿ. ಮತ್ತ ನನಗೂ ಒಂದು ಜಾಗಾ ಮಾಡ್ರಿ ಇಲ್ಲಿ."

ಶೈಲಜಾ ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಪ್ರತಿಯೊಬ್ಬರೂ ಅವಳಿಗೇ ಹೇಳತೊಡಗಿದರು. ಅವಳಿಗೆ ಏನು ಮಾಡಬೇಕೋ ತಿಳಿಯದೆ, "ಐತವಾರ ಎಲ್ಲಾರೂ ಮನಿಗೆ ಬರ್ರಿ" ಎಂದುಬಿಟ್ಟಳು.

ಬಂದೇ ಬಂದರು. ಇರ್ಫಾನ್ ಬಂದ, ಪ್ಯಾಟಿಮಠರು ಹೆಂಡತಿಯೊಂದಿಗೆ ರೊಟ್ಟಿಯ ಗಂಟು ಹಿಡಿದು ಬಂದರು, ಇನ್ನಷ್ಟು ಜನ ಬಂದು ಪಡಸಾಲೆ ತುಂಬಿತು. ಫಕೀರೇಶ ಇಷ್ಟೊಂದು ಮುಖಗಳನ್ನು ಕಂಡು ಹಿಂಜರಿದ. ಯಾರ ಗುರುತೂ ಅವನಿಗಿರಲಿಲ್ಲ, ಕಣ್ಣು ನೆಲ ನೋಡಿತು. ನೀಲವ್ವ ಕಳವಳದಿಂದ ಶೈಲಜಾಳ ಕಡೆ ನೋಡಿದಳು. ಆಗ ಇರ್ಫಾನ್ ಮಾತಾಡದೆ ಮುಂದೆ ಬಂದು ಮಂಡಿಯೂರಿ, ಹಲಗೆಯ ಮೇಲೆ ತನ್ನ ಕೈಯಿಂದ ಎರಡು ಬಡಿದ.

ಫಕೀರೇಶನ ತಲೆ ಎದ್ದಿತು. ಎಡಗೈ ಚಾಚಿ ಇರ್ಫಾನನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡ. ಅವನ ತುಟಿ ಅದುರಿದವು, ಕುತ್ತಿಗೆಯ ನರ ಬಿಗಿದವು.

"ಎಲ್... ಎಲ್ಲಿ..." ಎಂದ. ಶಬ್ದ ಸಿಕ್ಕಿಹಾಕಿಕೊಂಡಿತು. ಮತ್ತೆ ಎಳೆದು ತಂದ. "ಎಲ್ಲಿಗ್ರೀ?"

ಜೀವಮಾನವೆಲ್ಲ ದಿನಕ್ಕೆ ನೂರಾರು ಸಲ ಕೇಳಿದ ಮಾತು ಅದು. ನಾಲಗೆಗೆ ಅಷ್ಟು ಪಳಗಿದ ಮಾತು ಎಲ್ಲಕ್ಕಿಂತ ಮೊದಲು ದಾರಿ ಕಂಡುಕೊಂಡು ಬರುವುದುಂಟೆಂದು ವೈದ್ಯರು ಹಿಂದೊಮ್ಮೆ ಹೇಳಿದ್ದರು. ಶೈಲಜಾ ಆಗ ನಂಬಿರಲಿಲ್ಲ.

ಇರ್ಫಾನನ ಕಣ್ಣು ತುಂಬಿದವು. "ಇಲ್ಲಿಗೇ ರೀ ಅಣ್ಣಾರ" ಎಂದ. "ನಿಮ್ಮನಿಗೇ ಬಂದೀನಿ."

ಫಕೀರೇಶ ತಲೆಯಾಡಿಸಿ ಅವನನ್ನು ಪಕ್ಕಕ್ಕೆ ಕೂರಿಸಿ, ಪ್ಯಾಟಿಮಠರ ಕಡೆ ತಿರುಗಿದ. "ಎಲ್ಲಿಗ್ರೀ?" ಅವರೂ ಇಲ್ಲಿಗೇ ಎಂದರು. ಪ್ಯಾಟಿಮಠರ ಹೆಂಡತಿ ರೊಟ್ಟಿಯ ಗಂಟು ಎದೆಗವಚಿಕೊಂಡು ಅಳುತ್ತ ಇಲ್ಲಿಗೇ ಎಂದರು. ಒಬ್ಬೊಬ್ಬರನ್ನೂ ಬಿಡದೆ ಸಾಲಾಗಿ ಕೇಳುತ್ತ ಬಂದ, ಒಬ್ಬೊಬ್ಬರೂ ಅದನ್ನೇ ಹೇಳಿದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿಯ ಮೇಲೆ ಅವನ ಕಣ್ಣು ನಿಂತಿತು.

"ಎಲ್ಲಿಗ?" ಎಂದ.

"ಎಲ್ಲಿಗೂ ಇಲ್ರೀ" ಎಂದಳು ಶೈಲಜಾ. "ನಾ ಇಲ್ಲೇ ಅದೀನಿ."